ಡೋಣಿಯ ನೀರು ಉಪ್ಪಾದುದೇಕೆ?

ವಿಜಯಪುರ ಜಿಲ್ಲೆಯ ಡೋಣಿ ಹೊಳೆಯನ್ನು ಬಲ್ಲವರು ಅದರ ಎರಡು ಗುಣಗಳನ್ನು ಮರೆಯಲಾರರು. ಜತ್ತದ ಸೀಮೆಯಲ್ಲಿ ಹುಟ್ಟಿ, ತಿಕೋಟಾ ಬಬಲೇಶ್ವರಗಳ ನೆಲವನ್ನು ಹಾಯ್ದು, ಸಾರವಾಡವನ್ನು ದಾಟಿ, ತಾಳಿಕೋಟೆಯ ಮಗ್ಗುಲಲ್ಲಿ ಹರಿದು ಕೊನೆಗೆ ಕೃಷ್ಣೆಯನ್ನು ಸೇರುವ ಈ ಹೊಳೆಯ ಕಣಿವೆಯ ಎರೆಮಣ್ಣು ಬಹಳ ಸಾರವತ್ತಾದುದು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೇ ಎಂಬ ಅರ್ಥದ ಮಾತು ಆ ನಾಡಿನ ಹಿರಿಯರ ಬಾಯಲ್ಲಿದೆ. ಇದು ಮೊದಲನೆಯ ಗುಣ. ಎರಡನೆಯದು ಅಷ್ಟು ಹಿತವಾದುದಲ್ಲ. ಬೇಸಗೆಯಲ್ಲಿ ಬಾಯಾರಿ ಬಂದವನು ಅದರ ತಿಳಿನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರೆ ಕೂಡಲೇ ಉಗುಳಬೇಕಾಗುವುದು. ನೀರು ಉಪ್ಪು!

ಸಮುದ್ರವು ಇಲ್ಲಿಂದ ಇನ್ನೂರು ಕಿಲೊಮೀಟರಿಗೂ ಮಿಗಿಲಾದ ದೂರದಲ್ಲಿದೆ. ಸಮುದ್ರದ ನೀರು ಈ ಪ್ರಸ್ಥಭೂಮಿಯನ್ನೇರಿ ಬರುವುದು ಸಾಧ್ಯವಿಲ್ಲ. ದಡದಲ್ಲಿ ಉಪ್ಪಿನ ಗಣಿಯೂ ಇಲ್ಲ. ಹಾಗಾದರೆ ಈ ಉಪ್ಪು ಎಲ್ಲಿಂದ ಬಂದಿತು? ಸಾರವುಳ್ಳ ನೆಲವೂ ಉಪ್ಪುಳ್ಳ ನೀರೂ ಒಂದೇ ಕಡೆ ಹೇಗೆ ಕೂಡಿಕೊಂಡವು? ಕೃಷ್ಣೆಯ ನೀರು ಕಾಲುವೆಗಳಲ್ಲಿ ಈ ಹೊಲಗಳಿಗೆ ಬರುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ರೈತನಿಗೂ ನಗರವಾಸಿಗೂ ಅವಶ್ಯಕ. ಉತ್ತರವು ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಇದೆ. ಆ ಪಾಠವನ್ನು ನಮ್ಮ ಅಡುಗೆಮನೆಯಿಂದಲೇ ಆರಂಭಿಸೋಣ.

ಅರಿಶಿನದ ಸಾಕ್ಷಿ

ಮದುಮಕ್ಕಳನ್ನು ಹೊಸಿಲಲ್ಲಿ ನಿಲ್ಲಿಸಿ ಕೆಂಪು ನೀರಿನ ಆರತಿ ಎತ್ತುವುದನ್ನು ಎಲ್ಲರೂ ನೋಡಿರುವರಷ್ಟೆ. ಆ ನೀರಿಗೆ ಕೆಂಪು ಬಣ್ಣವನ್ನು ಯಾರೂ ಬೆರೆಸುವುದಿಲ್ಲ. ಅರಿಶಿನದ ಹಳದಿಯ ನೀರಿಗೆ ಚಿಟಿಕೆ ಸುಣ್ಣವನ್ನು ಹಾಕಿದರೆ ಅದು ತಾನಾಗಿಯೇ ಕೆಂಪೇರುವುದು. ಈಗ ಆ ಕೆಂಪು ನೀರಿಗೆ ಇಂಡಿಯ ಕಡೆಯ ಒಂದು ರಸಭರಿತ ಲಿಂಬೆಹಣ್ಣನ್ನು ಹನಿಹನಿಯಾಗಿ ಹಿಂಡುತ್ತ ಬನ್ನಿರಿ. ಮೊದಲ ಕೆಲವು ಹನಿಗಳಿಂದ ಏನೂ ಆಗದಂತೆ ತೋರುವುದು. ಮುಂದೆ ಯಾವುದೋ ಒಂದು ಹನಿ ಬಿದ್ದೊಡನೆ ಕೆಂಪು ಮಾಯವಾಗಿ ನೀರು ಮರಳಿ ಹಳದಿಯಾಗುವುದು. ಮತ್ತೆ ಸುಣ್ಣ ಹಾಕಿದರೆ ಮತ್ತೆ ಕೆಂಪು. ಮತ್ತೆ ಲಿಂಬೆ ಹಿಂಡಿದರೆ ಮತ್ತೆ ಹಳದಿ.

ಈ ಆಟದಲ್ಲಿ ಅರಿಶಿನವು ಕೇವಲ ಸಾಕ್ಷಿ. ನಿಜವಾದ ವ್ಯವಹಾರ ನಡೆಯುವುದು ಸುಣ್ಣ ಲಿಂಬೆಗಳ ನಡುವೆ. ಲಿಂಬೆಯಲ್ಲಿರುವುದು ಆಮ್ಲ, ಸುಣ್ಣವು ಆಮ್ಲಕ್ಕೆ ಎದುರಾದ ಗುಣವುಳ್ಳ ಪ್ರತ್ಯಾಮ್ಲ. ನೀರಿನಲ್ಲಿ ಕರಗುವ ಪ್ರತ್ಯಾಮ್ಲಗಳಿಗೆ ಕ್ಷಾರಗಳೆಂದು ಹೆಸರು. ಇವೆರಡೂ ಎದುರಾದಾಗ ಒಂದರ ಗುಣವನ್ನು ಇನ್ನೊಂದು ಕಳೆಯುವುದು. ಈ ಕ್ರಿಯೆಗೆ ತಟಸ್ಥೀಕರಣವೆನ್ನುವರು. ಹೀಗೆ ಕಳೆದ ಮೇಲೆ ಹೊಸದಾಗಿ ಹುಟ್ಟಿ ಉಳಿಯುವ ವಸ್ತುವೇ ಲವಣ.

ಆಮ್ಲಗಳೂ ಕ್ಷಾರಗಳೂ ಪ್ರಯೋಗಶಾಲೆಯ ಸೀಸೆಗಳಲ್ಲಿ ಮಾತ್ರ ಇರತಕ್ಕ ವಸ್ತುಗಳಲ್ಲ. ಹುಣಿಸೆಯಲ್ಲಿ, ಮಜ್ಜಿಗೆಯಲ್ಲಿ, ಪುಂಡಿಯ ಸೊಪ್ಪಿನಲ್ಲಿ ಆಮ್ಲವಿದೆ. ಹಿಂಗಾರಿಯ ಕಡಲೆಯ ಹೊಲದಲ್ಲಿ ನಡೆದುಹೋದವನ ಕಾಲಿಗೆ ಚುರುಗುಟ್ಟುವ ಹುಳಿಯೂ ಆಮ್ಲವೇ. ಕಡಲೆಗಿಡದ ಎಲೆಗಳ ಮೇಲಿನ ನವಿರು ಕೂದಲುಗಳಿಂದ ಅದು ಒಸರುವುದು. ರಾತ್ರಿ ಗಿಡಗಳ ಮೇಲೆ ತೆಳುಬಟ್ಟೆ ಹಾಸಿ, ಮುಂಜಾನೆ ಇಬ್ಬನಿಯೊಡನೆ ಆ ಹುಳಿಯನ್ನು ಹಿಂಡಿಕೊಳ್ಳುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಬಂದುದು. ಕ್ಷಾರಗಳ ಮಾತೂ ಹೀಗೆಯೇ. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ ಬಸಿದರೆ ದೊರೆಯುವ ಜಾರುನೀರು ಕ್ಷಾರ. ಹಪ್ಪಳದ ಹಿಟ್ಟಿಗೆ ಬೆರೆಸುವ ಖಾರವೂ ಆ ಜಾತಿಯದೇ. ‘ಖಾರ’ವೆಂಬ ನಮ್ಮ ಮಾತೇ ‘ಕ್ಷಾರ’ದಿಂದ ಬಂದುದು.

ಹುಳಿಯೂ ಖಾರವೂ ಒಂದನ್ನೊಂದು ಕಳೆಯುವುದೆಂಬ ಸಂಗತಿ ನಮ್ಮ ಪೂರ್ವಿಕರಿಗೆ ತಿಳಿಯದ್ದಲ್ಲ. ಸುಶ್ರುತಸಂಹಿತೆಯಲ್ಲಿ ಸಸ್ಯಗಳ ಬೂದಿಯಿಂದ ಕ್ಷಾರವನ್ನು ತೆಗೆಯುವ, ಸುಟ್ಟ ಸುಣ್ಣದ ಸಹಾಯದಿಂದ ಅದನ್ನು ತೀಕ್ಷ್ಣಗೊಳಿಸುವ ವಿಧಾನವಿದೆ. ಕ್ಷಾರದಿಂದ ಚರ್ಮ ಸುಟ್ಟಾಗ ಹುಳಿಯ ವಸ್ತುಗಳಿಂದ ಅದನ್ನು ಶಮನಗೊಳಿಸಬೇಕೆಂಬ ಸೂಚನೆಯೂ, ಹುಳಿಯ ಸಂಗದಿಂದ ಕ್ಷಾರವು ತನ್ನ ತೀಕ್ಷ್ಣತೆಯನ್ನು ಬಿಡುವುದೆಂಬ ವಿವರಣೆಯೂ ಅಲ್ಲಿವೆ. ತಟಸ್ಥೀಕರಣದ ಇಷ್ಟು ಸ್ಪಷ್ಟವಾದ ಪ್ರಾಚೀನ ವರ್ಣನೆ ವಿರಳ. ಆದರೆ ಇಂದು ಕಣ್ಣಿಗೋ ಚರ್ಮಕ್ಕೋ ಸುಣ್ಣ ತಗುಲಿದರೆ ಹುಳಿ ಹಚ್ಚುತ್ತ ಕೂಡದೆ, ಧಾರಾಳವಾದ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗುವುದೇ ಸರಿಯಾದ ಮಾರ್ಗ. ಏಕೆಂಬುದು ಮುಂದಿನ ಲೆಕ್ಕದಿಂದ ತಿಳಿಯುವುದು.

ಲವಣ ಹುಟ್ಟುವ ಲೆಕ್ಕ

ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನ ರಸಾಯನಶಾಸ್ತ್ರಜ್ಞ ರುಯೆಲ್ ಎಂಬವನು ಲವಣಕ್ಕೆ ಹೊಸ ಲಕ್ಷಣವನ್ನು ಹೇಳಿದನು. ಆಮ್ಲವು ಯಾವ ವಸ್ತುವಿನೊಡನೆ ಕೂಡಿ ಲವಣವಾಗುವುದೋ ಆ ವಸ್ತು ಲವಣಕ್ಕೆ ತಳಹದಿ ಎಂದು ಅವನು ಭಾವಿಸಿದನು. ೧೭೫೪ರಲ್ಲಿ ಪ್ರಕಟವಾದ ಅವನ ಲೇಖನದಲ್ಲಿ ಈ ವಿವರಣೆ ಇದೆ. ಅವನ ಶಿಷ್ಯನಾದ ಲವಾಸ್ಯೇ ಮಹಾ ಪ್ರತಿಭಾವಂತನಾದರೂ ಈ ವಿಷಯದಲ್ಲಿ ಒಂದು ತಪ್ಪು ಮಾಡಿದನು. ಆಮ್ಲಗಳಿಗೆಲ್ಲ ಹುಳಿಯನ್ನು ಕೊಡುವ ಮೂಲವಸ್ತು ಒಂದಿದೆಯೆಂದು ಬಗೆದು, ಆ ಅನಿಲಕ್ಕೆ ‘ಆಮ್ಲವನ್ನು ಹುಟ್ಟಿಸುವುದು’ ಎಂಬ ಅರ್ಥದ ಹೆಸರಿಟ್ಟನು. ನಮ್ಮ ‘ಆಮ್ಲಜನಕ’ವೆಂಬ ಮಾತು ಆ ಹೆಸರಿನ ಅನುವಾದವೇ. ಆದರೆ ೧೮೧೦ರಲ್ಲಿ ಇಂಗ್ಲೆಂಡಿನ ಡೇವಿಯು ಉಪ್ಪಿನಿಂದ ಪಡೆಯುವ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲವೆಂದು ತೋರಿಸಿದನು. ಹುಳಿಯ ಗುಟ್ಟು ಇದ್ದುದು ಜಲಜನಕದಲ್ಲಿ. ಹೆಸರು ಮಾತ್ರ ಹಾಗೆಯೇ ನಿಂತಿತು.

ಗುಟ್ಟನ್ನು ಪೂರ್ಣವಾಗಿ ಬಿಡಿಸಿದವನು ಸ್ವೀಡನ್ನಿನ ಅರ್ಹೇನಿಯಸ್. ೧೮೮೪ರಲ್ಲಿ ತನ್ನ ಪ್ರಬಂಧವನ್ನು ಒಪ್ಪಿಸಿದಾಗ ಪರೀಕ್ಷಕರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೆ ೧೯೦೩ರಲ್ಲಿ ಅದೇ ಸಿದ್ಧಾಂತಕ್ಕಾಗಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅವನ ಮಾತಿನ ಸಾರಾಂಶವಿಷ್ಟು: ಆಮ್ಲವು ನೀರಿನಲ್ಲಿ ಕರಗಿದಾಗ ಧನ ವಿದ್ಯುದಂಶವುಳ್ಳ ಜಲಜನಕದ ಕಣಗಳನ್ನು ಬಿಡುವುದು. ಕ್ಷಾರವು ಋಣ ವಿದ್ಯುದಂಶವುಳ್ಳ, ಆಮ್ಲಜನಕ ಜಲಜನಕಗಳ ಜೋಡಿಕಣಗಳನ್ನು ಬಿಡುವುದು. ಇಂಥ ವಿದ್ಯುತ್ಕಣಗಳಿಗೆ ಅಯಾನುಗಳೆಂದು ಹೆಸರು. ಎರಡೂ ದ್ರಾವಣಗಳನ್ನು ಬೆರೆಸಿದಾಗ ಈ ಎರಡು ಬಗೆಯ ಅಯಾನುಗಳು ಒಂದನ್ನೊಂದು ಅಪ್ಪಿಕೊಂಡು ನೀರಾಗುವುವು. ಉಳಿದ ಸಂಗಾತಿಗಳು, ಅಂದರೆ ಕ್ಷಾರದ ಲೋಹ ಮತ್ತು ಆಮ್ಲದ ಶೇಷಭಾಗ, ನೀರು ಆರಿದಾಗ ಕೂಡಿಕೊಂಡು ಲವಣದ ಹರಳುಗಳಾಗುವುವು.

ಒಂದು ಉದಾಹರಣೆಯನ್ನು ನೋಡಿರಿ. ೪೦ ಗ್ರಾಂ ಕಾಸ್ಟಿಕ್ ಸೋಡಕ್ಕೆ ಸರಿಯಾಗಿ ೩೬.೫ ಗ್ರಾಂ ಹೈಡ್ರೊಕ್ಲೋರಿಕ್ ಆಮ್ಲ ಬೇಕು. ಇವೆರಡೂ ಪ್ರಾಣಾಪಾಯಕರ ವಸ್ತುಗಳು. ದ್ರಾವಣಗಳಾಗಿ ಇವು ಕೂಡಿದಾಗ ದೊರೆಯುವುದು ೫೮.೫ ಗ್ರಾಂ ಉಪ್ಪು, ೧೮ ಗ್ರಾಂ ನೀರು. ಎರಡು ವಿಷಗಳಿಂದ ನಮ್ಮ ಊಟದ ಉಪ್ಪೇ ಹುಟ್ಟಿತು! ತೂಕದಲ್ಲಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಅತ್ತ ೭೬.೫, ಇತ್ತ ೭೬.೫. ಇದರೊಡನೆ ಒಂದು ಲೀಟರ್ ನೀರನ್ನು ಸುಮಾರು ಹದಿಮೂರೂವರೆ ಡಿಗ್ರಿಗಳಷ್ಟು ಬಿಸಿ ಮಾಡಬಲ್ಲ ಶಾಖವೂ ಹೊರಡುವುದು. ಕಾಸ್ಟಿಕ್ ಸೋಡದ ಬದಲು ಕಾಸ್ಟಿಕ್ ಪೊಟ್ಯಾಷನ್ನೂ, ಹೈಡ್ರೊಕ್ಲೋರಿಕ್ ಆಮ್ಲದ ಬದಲು ನೈಟ್ರಿಕ್ ಆಮ್ಲವನ್ನೂ ತೆಗೆದುಕೊಂಡರೆ ಹುಟ್ಟುವ ಲವಣವೇನೋ ಬೇರೆ. ಆದರೆ ಶಾಖ ಹೆಚ್ಚುಕಡಿಮೆ ಅಷ್ಟೇ. ಏಕೆಂದರೆ ಪ್ರಬಲ ಆಮ್ಲಗಳೂ ಪ್ರಬಲ ಕ್ಷಾರಗಳೂ ಕೂಡುವಾಗ ನಿಜವಾಗಿ ನಡೆಯುವ ಕ್ರಿಯೆಯೊಂದೇ: ನೀರು ಹುಟ್ಟುವುದು. ಸುಣ್ಣ ತಗುಲಿದ ಕಣ್ಣಿಗೆ ಹುಳಿ ಹಿಂಡಬಾರದೆಂದುದು ಈ ಶಾಖಕ್ಕಾಗಿಯೇ. ಈ ಪ್ರಯೋಗವನ್ನು ಮನೆಯಲ್ಲಿ ಯಾರೂ ಮಾಡತಕ್ಕದ್ದಲ್ಲ.

ತಂದೆತಾಯಿಗಳ ಗುಣ

ಇಷ್ಟನ್ನು ಓದಿದವರು, ಲವಣಗಳೆಲ್ಲವೂ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಸಾಧು ಪದಾರ್ಥಗಳೆಂದು ಭಾವಿಸಬಹುದು. ಅದು ಸರಿಯಲ್ಲ. ಮೂರು ಲೋಟಗಳಲ್ಲಿ ನೀರನ್ನು ತೆಗೆದುಕೊಂಡು ಒಂದರಲ್ಲಿ ಅಡುಗೆಯ ಉಪ್ಪನ್ನೂ, ಇನ್ನೊಂದರಲ್ಲಿ ಬಟ್ಟೆ ಒಗೆಯುವ ಸೋಡವನ್ನೂ, ಮೂರನೆಯದರಲ್ಲಿ ಪಟಿಕವನ್ನೂ ಕರಗಿಸಿರಿ. ಮೂರೂ ಲವಣಗಳೇ. ಪ್ರತಿಯೊಂದಕ್ಕೂ ಚಿಟಿಕೆ ಅರಿಶಿನ ಹಾಕಿರಿ. ಉಪ್ಪಿನ ನೀರು ಹಳದಿಯಾಗಿಯೇ ಇರುವುದು. ಸೋಡದ ನೀರು ಸುಣ್ಣ ಬಿದ್ದಂತೆ ಕೆಂಪಾಗುವುದು. ಪಟಿಕದ ನೀರೂ ಹಳದಿಯೇ. ಆದರೆ ಅದನ್ನು ಸ್ವಲ್ಪಸ್ವಲ್ಪವಾಗಿ ಕೆಂಪು ಲೋಟಕ್ಕೆ ಸುರಿದರೆ ಆ ಕೆಂಪನ್ನು ಅಳಿಸಿಬಿಡುವುದು. ಅದರಲ್ಲಿ ಲಿಂಬೆಯ ಗುಣವಿದೆಯೆಂದಾಯಿತು.

ಕಾರಣವನ್ನು ಲವಣದ ಹುಟ್ಟಿನಲ್ಲಿ ಹುಡುಕಬೇಕು. ಪ್ರಬಲವಾದ ಆಮ್ಲವೂ ಪ್ರಬಲವಾದ ಕ್ಷಾರವೂ ಕೂಡಿ ಹುಟ್ಟಿದ ಅಡುಗೆ ಉಪ್ಪು ತಟಸ್ಥ. ಬಟ್ಟೆಸೋಡದ ಒಂದು ಕಡೆ ಪ್ರಬಲವಾದ ಕಾಸ್ಟಿಕ್ ಸೋಡ, ಇನ್ನೊಂದು ಕಡೆ ದುರ್ಬಲವಾದ ಇಂಗಾಲಾಮ್ಲ. ಈ ಜೋಡಿಯಲ್ಲಿ ಕ್ಷಾರದ ಕೈ ಮೇಲು. ಪಟಿಕದಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಪ್ರಬಲವಾದ ಗಂಧಕಾಮ್ಲವು ದುರ್ಬಲ ಪ್ರತ್ಯಾಮ್ಲವಾದ ಅಲ್ಯೂಮಿನಿಯಮ್ಮಿನ ಜತೆಗಿದೆ. ಮಕ್ಕಳಲ್ಲಿ ತಂದೆಯ ಇಲ್ಲವೆ ತಾಯಿಯ ಗುಣ ಮೇಲುಗೈಯಾಗುವಂತೆ ಲವಣಗಳಲ್ಲಿಯೂ ಆಗುವುದು. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಡೋಣಿಯ ಕಣಿವೆಯ ಹೊಲಗಳ ಹಣೆಬರಹವೆಲ್ಲ ಇದರಲ್ಲಿಯೇ ಅಡಗಿದೆ.

ಇಂಥ ಕ್ಷಾರಗುಣದ ಲವಣವು ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ನಿತ್ಯಪರಿಚಿತ. ಹಣ್ಣನ್ನು ಮಣೂಕ ಮಾಡುವಾಗ ಅವರು ಗೊಂಚಲುಗಳನ್ನು ಮೊದಲು ಒಂದು ದ್ರಾವಣದಲ್ಲಿ ಅದ್ದುವರು. ಸಾಮಾನ್ಯವಾಗಿ ಒಂದು ಲೀಟರ್ ನೀರಿಗೆ ೨೫ ಗ್ರಾಂ ಪೊಟ್ಯಾಸಿಯಮ್ ಕಾರ್ಬೊನೇಟು, ೧೫ ಮಿಲಿಲೀಟರ್ ಅದ್ದುವ ಎಣ್ಣೆ. ಇದು ಆ ದ್ರಾವಣದ ಅಳತೆ. ಪೊಟ್ಯಾಸಿಯಮ್ ಕಾರ್ಬೊನೇಟು ಬಟ್ಟೆಸೋಡದ ಸೋದರ. ಒಲೆಯ ಬೂದಿಯಲ್ಲಿರುವ ಲವಣವೂ ಮುಖ್ಯವಾಗಿ ಅದೇ. ದ್ರಾಕ್ಷಿಯ ಸಿಪ್ಪೆಯ ಮೇಲೆ ಮೇಣದ ತೆಳುಪದರವೊಂದಿದ್ದು ಅದು ಒಳಗಿನ ನೀರನ್ನು ಹೊರಬಿಡದು. ಕ್ಷಾರಗುಣದ ದ್ರಾವಣವೂ ಎಣ್ಣೆಯೂ ಸೇರಿ ಆ ಪದರವನ್ನು ಸಡಿಲಿಸುವುವು. ಆಮೇಲೆ ನೆರಳಿನ ಶೆಡ್ಡುಗಳಲ್ಲಿ ಹರವಿದ ಹಣ್ಣು ಹಲವು ವಾರಗಳ ಬದಲು ಎರಡು ವಾರಗಳ ಸುಮಾರಿನಲ್ಲಿಯೇ ಒಣಗುವುದು. ಮೊದಲನೆಯ ಶತಮಾನದ ರೋಮನ್ ಕೃಷಿಲೇಖಕ ಕೊಲುಮೆಲ್ಲ ಕೂಡ, ಬೂದಿನೀರಿಗೆ ಎಣ್ಣೆ ಬೆರೆಸಿ ದ್ರಾಕ್ಷಿಯನ್ನು ಅದ್ದಿ ಒಣಗಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷಗಳಿಂದ ಒಂದೇ ಲವಣ ಒಂದೇ ಕೆಲಸವನ್ನು ಮಾಡುತ್ತ ಬಂದಿದೆ.

ಕಲ್ಲಿನಿಂದ ಉಪ್ಪು

ಈಗ ಡೋಣಿಯ ದಡಕ್ಕೆ ಮರಳೋಣ. ಆಮ್ಲವೂ ಪ್ರತ್ಯಾಮ್ಲವೂ ಕೂಡಿ ಲವಣವಾಗಬೇಕೆಂದ ಮೇಲೆ, ಈ ಕಣಿವೆಯಲ್ಲಿ ಆಮ್ಲವನ್ನು ತಂದವರಾರು, ಪ್ರತ್ಯಾಮ್ಲವನ್ನು ಕೊಟ್ಟವರಾರು?

ಆಮ್ಲವನ್ನು ತಂದುದು ಮಳೆ. ಮಳೆಯ ಹನಿ ಗಾಳಿಯಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ದುರ್ಬಲವಾದ ಇಂಗಾಲಾಮ್ಲವಾಗುವುದು. ನೆಲದೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿ ಈ ಅನಿಲ ಮತ್ತಷ್ಟು ಹೆಚ್ಚು. ಪ್ರತ್ಯಾಮ್ಲವನ್ನು ಕೊಟ್ಟುದು ಈ ನಾಡಿನ ಕರಿಗಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಈ ಕಲ್ಲು. ಇದರಲ್ಲಿ ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಸೋಡಿಯಮ್‌ಗಳು ಸೇರಿಕೊಂಡಿವೆ. ಇಂಗಾಲಾಮ್ಲವು ಯುಗಯುಗಗಳ ಕಾಲ ಈ ಕಲ್ಲನ್ನು ನೆಕ್ಕುತ್ತ ಬಂದುದರಿಂದ ಒಂದು ಕಡೆ ಎರೆಮಣ್ಣಿನ ಜೇಡಿ ಹುಟ್ಟಿತು. ಇನ್ನೊಂದು ಕಡೆ ಲವಣಗಳು ಹುಟ್ಟಿದುವು. ಕಣಿವೆಯ ಸಾರವೂ ಹೊಳೆಯ ಉಪ್ಪೂ ಒಂದೇ ಕ್ರಿಯೆಯ ಎರಡು ಫಲಗಳು! ಇದರೊಡನೆ ಸಮುದ್ರದ ಕಡೆಯಿಂದ ಬರುವ ಮಳೆಗಾಳಿಗಳೂ ವರ್ಷವರ್ಷವೂ ಎಳ್ಳಷ್ಟು ಉಪ್ಪನ್ನು ಹೊತ್ತು ತಂದು ಸುರಿಯುವುವು.

ಮಲೆನಾಡಿನಲ್ಲಿಯೂ ಈ ಕೆಲಸ ನಡೆಯುತ್ತಿಲ್ಲವೆ, ಅಲ್ಲಿನ ಹೊಳೆಗಳೇಕೆ ಸಿಹಿ, ಎಂದು ಕೇಳಬಹುದು. ಅಲ್ಲಿ ಮಳೆಯ ಅಬ್ಬರ ದೊಡ್ಡದು. ಹುಟ್ಟಿದ ಲವಣವೆಲ್ಲ ಆಗಿಂದಾಗ ತೊಳೆದುಹೋಗಿ ಸಮುದ್ರ ಸೇರುವುದು. ವಿಜಯಪುರದ ಕಡೆ ಬೀಳುವ ಮಳೆ ವರ್ಷಕ್ಕೆ ಸುಮಾರು ೬೦ ಸೆಂಟಿಮೀಟರ್ ಮಾತ್ರ. ಬಿಸಿಲೋ ಅದರ ಹಲವು ಪಾಲು ನೀರನ್ನು ಆರಿಸಬಲ್ಲುದು. ನೀರು ಆವಿಯಾಗಿ ಹೋಗುವಾಗ ಲವಣವನ್ನು ಜತೆಗೆ ಒಯ್ಯುವುದಿಲ್ಲ. ಆದಕಾರಣ ಅದು ಮಣ್ಣಿನಲ್ಲಿ, ಬಾವಿಯಲ್ಲಿ, ತಗ್ಗಿನ ಹೊಳೆಯಲ್ಲಿ ಉಳಿಯುತ್ತ, ಬೆಳೆಯುತ್ತ ಬರುವುದು.

ಈ ಲವಣಗಳಲ್ಲಿ ಎಲ್ಲವೂ ಕರಗುವಂಥವಲ್ಲ. ಕ್ಯಾಲ್ಸಿಯಮ್ ಕಾರ್ಬೊನೇಟು ನೀರಿನಲ್ಲಿ ಬಹುಮಟ್ಟಿಗೆ ಕರಗದು. ಎರೆಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿಯ ಸುಣ್ಣದ ಹರಳುಗಳು ಅದರಿಂದಾದವು. ನಗರದ ಜಲನಗರದಂಥ ಬಡಾವಣೆಯಲ್ಲಿ ಕೊಳವೆಬಾವಿಯ ಗಡಸುನೀರನ್ನು ದಿನವೂ ಕಾಸುವ ಗೃಹಿಣಿಯ ಪಾತ್ರೆಯಲ್ಲಿ ಕೂಡುವ ಬಿಳಿಯ ಹೊರಪದರವೂ ಬಹುಮಟ್ಟಿಗೆ ಅದೇ. ಲಿಂಬೆಯ ರಸ ಹಚ್ಚಿದರೆ ನೊರೆಗರೆದು ಬಿಡುವುದು. ಗೋಲಗುಂಬಜದ ಗಚ್ಚಿನಲ್ಲಿ ಇಟ್ಟಿಗೆಗಳನ್ನು ಬಿಗಿಹಿಡಿದಿರುವುದೂ ಈ ಲವಣವೇ. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿದ ಸುಣ್ಣ ಪ್ರತ್ಯಾಮ್ಲ. ಗಾಳಿಯ ಇಂಗಾಲದ ಡೈಆಕ್ಸೈಡು ಮೆಲ್ಲಮೆಲ್ಲನೆ ಅದನ್ನು ಕೂಡಿಕೊಂಡು ಮರಳಿ ಕಲ್ಲಾಗಿಸುವುದು. ೧೬೫೬ರಲ್ಲಿ ಮುಗಿದ ಆ ಕಟ್ಟಡದ ಸುಮಾರು ೪೪ ಮೀಟರ್ ವ್ಯಾಸದ ಗುಮ್ಮಟವನ್ನು ಇಂದಿಗೂ ಎತ್ತಿಹಿಡಿದಿರುವುದರಲ್ಲಿ ಒಂದು ಪ್ರತ್ಯಾಮ್ಲ ಮತ್ತು ಒಂದು ದುರ್ಬಲ ಆಮ್ಲದ ಸ್ನೇಹಕ್ಕೂ ಪಾಲಿದೆ.

ನೀರು ಬಂದ ಹೊಲ

ಕರಗದ ಲವಣದಿಂದ ರೈತನಿಗೆ ಅಷ್ಟಾಗಿ ಭಯವಿಲ್ಲ. ಭಯವಿರುವುದು ಕರಗುವ ಲವಣಗಳಿಂದ. ಒಣಬೇಸಾಯದ ಕಾಲದಲ್ಲಿ ಇವು ನೆಲದ ಆಳದಲ್ಲಿ ಮಲಗಿದ್ದುವು. ೧೯೬೪ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆ ಬೆಳೆದಂತೆ, ಆಲಮಟ್ಟಿಯ ಹಿನ್ನೀರಿನಿಂದ ಮುಳವಾಡ ಏತ ನೀರಾವರಿಯೂ, ಜಮಖಂಡಿಯ ಕಡೆಯಿಂದ ತುಬಚಿ-ಬಬಲೇಶ್ವರ ಏತ ನೀರಾವರಿಯೂ ಈ ಬರಗಾಲದ ಸೀಮೆಗೆ ಹೊಳೆಯ ನೀರನ್ನು ಎತ್ತಿ ತಂದಿವೆ. ಮಳೆಗಾಗಿ ಮುಗಿಲು ನೋಡುತ್ತಿದ್ದ ಜನಕ್ಕೆ ಇದು ದೊಡ್ಡ ಭಾಗ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ನೀರಿನೊಡನೆ ಲವಣವೂ ಬರುವುದೆಂಬುದನ್ನು ಮರೆಯಬಾರದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಲೀಟರಿಗೆ ಅರ್ಧ ಗ್ರಾಂ ಲವಣವಿರುವ ನೀರೆಂದಿಟ್ಟುಕೊಳ್ಳೋಣ. ಅದು ಕುಡಿದರೂ ಅಷ್ಟಾಗಿ ತಿಳಿಯದ ಪ್ರಮಾಣ. ಒಂದು ಎಕರೆ ಹೊಲಕ್ಕೆ ವರ್ಷದಲ್ಲಿ ಎರಡು ಅಡಿ ಆಳದಷ್ಟು ನೀರನ್ನು ಕಟ್ಟಿದರೆ ಸುಮಾರು ೨೪ ಲಕ್ಷ ಲೀಟರುಗಳಾದುವು. ಅದರೊಡನೆ ಹೊಲಕ್ಕೆ ಬಿದ್ದ ಲವಣ ೧೨ ಕ್ವಿಂಟಾಲ್! ಬೆಳೆಯು ನೀರನ್ನು ಹೀರುವುದು. ಲವಣದ ಬಹುಭಾಗವನ್ನು ಬಿಡುವುದು. ಕೆಳಕ್ಕೆ ಬಸಿದುಹೋಗಲು ಹಾದಿಯಿಲ್ಲದಿದ್ದರೆ ಅದು ವರ್ಷವರ್ಷವೂ ಅಲ್ಲಿಯೇ ಕೂಡುವುದು. ಎರೆಮಣ್ಣಿನಲ್ಲಿ ನೀರು ಬಸಿಯುವುದು ಬಲು ನಿಧಾನ. ಮೇಲೆ ಹೆಚ್ಚು ನೀರು ಕಟ್ಟಿದಂತೆ ಒಳಗಿನ ನೀರು ಮೇಲೇರುವುದು, ನೆಲ ಜವಳಾಗುವುದು. ಆ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸಂದುಗಳಲ್ಲಿ ಏರಿ ಬಿಸಿಲಿಗೆ ಆರಿ, ಆಳದ ಲವಣವನ್ನೂ ಮೇಲಕ್ಕೆ ತಂದು ಬಿಳಿಯ ಹುಡಿಯಾಗಿ ಹರವುವುದು. ಇದೇ ಸವಳು.

ಇದು ಬರಿಯ ಊಹೆಯಲ್ಲ. ನಮ್ಮಂಥದೇ ಎರೆನೆಲವುಳ್ಳ ಮಹಾರಾಷ್ಟ್ರದ ನೀರಾ ಕಾಲುವೆಯ ಪ್ರದೇಶದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಹೊಲಗಳು ಸವಳಾಗತೊಡಗಿದ್ದುವು. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿಯೂ ಅದೇ ಅನುಭವವಾಗಿ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಸವಳುನೆಲದ ಸುಧಾರಣೆಯ ಕೆಲಸವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಇಂಥ ನೆಲಗಳಿಗಾಗಿಯೇ ಭಾರತ ಸರಕಾರವು ೧೯೬೯ರಲ್ಲಿ ಹರಿಯಾಣದ ಕರ್ನಾಲಿನಲ್ಲಿ ಕೇಂದ್ರ ಸಂಸ್ಥೆಯೊಂದನ್ನು ಸ್ಥಾಪಿಸಿತು.

ಎರಡು ಬಗೆಯ ರೋಗ

ಸವಳು ಎಂಬ ಒಂದೇ ಹೆಸರಿನಡಿಯಲ್ಲಿ ಎರಡು ಬೇರೆ ಬೇರೆ ರೋಗಗಳಿವೆ. ಮೊದಲನೆಯದರಲ್ಲಿ ಕೂಡಿರುವವು ಅಡುಗೆಯ ಉಪ್ಪಿನಂಥ ತಟಸ್ಥ ಲವಣಗಳು. ಇವು ಬೇರಿಗೆ ನೀರು ದೊರೆಯದಂತೆ ಮಾಡುವುವು. ಒದ್ದೆ ನೆಲದಲ್ಲಿ ನಿಂತು ಗಿಡವು ಬಾಯಾರಿ ಸೊರಗುವುದು. ಆದರೆ ಮಣ್ಣಿನ ಕಣಗಳು ಗುಂಪುಗೂಡಿಯೇ ಇರುವುವು. ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ತೊಳೆದರೆ ಲವಣ ಇಳಿದುಹೋಗುವುದು.

ಎರಡನೆಯದು ಕರಲು. ಇದು ಕಠಿನ ರೋಗ. ಮಣ್ಣಿನ ನೀರು ಆರುತ್ತ ಬಂದಂತೆ ಕ್ಯಾಲ್ಸಿಯಮ್ ಮೊದಲು ಸುಣ್ಣದ ಹರಳಾಗಿ ಕಳಚಿಕೊಳ್ಳುವುದು. ಕೊನೆಗೆ ಉಳಿಯುವುದು ಸೋಡಿಯಮ್ಮಿನ ಕಾರ್ಬೊನೇಟು, ಬೈಕಾರ್ಬೊನೇಟುಗಳು. ಅಂದರೆ ಬಟ್ಟೆಸೋಡ, ಅಡುಗೆಸೋಡ. ಅರಿಶಿನವನ್ನು ಕೆಂಪು ಮಾಡಿದ ಆ ಕ್ಷಾರಗುಣವು ಈಗ ಹೊಲಕ್ಕೇ ಬಂದಿತು. ಇದರ ಜತೆಗೆ ಇನ್ನೊಂದು ಕೇಡೂ ಆಗುವುದು. ಜೇಡಿಯ ಕಣಗಳು ಋಣ ವಿದ್ಯುದಂಶವುಳ್ಳ ತೆಳುಹಾಳೆಗಳಂತಿವೆ. ಕ್ಯಾಲ್ಸಿಯಮ್ಮಿಗೆ ಎರಡು ಧನಾಂಶಗಳಿರುವುದರಿಂದ ಅದು ಹಾಳೆಗಳನ್ನು ಹತ್ತಿರಕ್ಕೆ ಎಳೆದು ಹಿಡಿಯಬಲ್ಲುದು. ಒಂದೇ ಧನಾಂಶವುಳ್ಳ, ನೀರನ್ನು ಸುತ್ತಲೂ ಹೊದ್ದುಕೊಂಡ ಸೋಡಿಯಮ್ಮಿಗೆ ಅದು ಸಾಧ್ಯವಿಲ್ಲ. ಸೋಡಿಯಮ್ಮು ಹೆಚ್ಚಿದಾಗ ಹಾಳೆಗಳು ಚದರಿ ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುವುವು. ಹಸಿಯಾಗಿದ್ದಾಗ ರಾಡಿ, ಒಣಗಿದಾಗ ಕಲ್ಲು. ಇಂಥ ನೆಲದಲ್ಲಿ ನೀರೂ ಇಳಿಯದು, ಗಾಳಿಯೂ ಆಡದು, ಬೇರೂ ಹೋಗದು.

ಸವಳೂ ಕರಲೂ ಕೂಡಿಕೊಂಡ ನೆಲದಲ್ಲಿ ಹೆಚ್ಚಿನ ಎಚ್ಚರ ಬೇಕು. ಉಪ್ಪು ಇರುವವರೆಗೆ ಅದರ ಬಲದಿಂದ ಕಣಗಳು ಹೇಗೋ ಗುಂಪಾಗಿರುವುವು. ಔಷಧವನ್ನು ಹಾಕದೆ ಬರಿಯ ನೀರಿನಿಂದ ತೊಳೆದರೆ ಉಪ್ಪು ಹೋಗಿ ಸೋಡಿಯಮ್ಮು ಉಳಿದು ನೆಲ ಪೂರ್ತಿ ಮುಚ್ಚಿಕೊಳ್ಳುವುದು. ಒಳ್ಳೆಯದನ್ನು ಮಾಡಹೋಗಿ ಹೊಲವನ್ನು ಕಳೆದುಕೊಂಡಂತಾಗುವುದು.

ಲವಣಕ್ಕೆ ಲವಣವೇ ಮದ್ದು

ಕರಲಿಗೆ ಮದ್ದು ಇನ್ನೊಂದು ಲವಣ. ಅದೇ ಜಿಪ್ಸಮ್; ಗಂಧಕಾಮ್ಲವೂ ಸುಣ್ಣವೂ ಕೂಡಿದಾಗ ಹುಟ್ಟುವ ಕ್ಯಾಲ್ಸಿಯಮ್ ಸಲ್ಫೇಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಹಿಲ್ಗಾರ್ಡ್ ಎಂಬ ಮೃತ್ತಿಕಾಶಾಸ್ತ್ರಜ್ಞನು ಇದರ ಬಳಕೆಯನ್ನು ಬೋಧಿಸಿದನು. ಜಿಪ್ಸಮ್ಮಿನ ಕ್ಯಾಲ್ಸಿಯಮ್ ಜೇಡಿಯ ಮೇಲಿನ ಸೋಡಿಯಮ್ಮನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂಡುವುದು. ಎದ್ದ ಸೋಡಿಯಮ್ಮು ಸಲ್ಫೇಟಿನೊಡನೆ ಸೇರಿ ಸೋಡಿಯಮ್ ಸಲ್ಫೇಟೆಂಬ ತಟಸ್ಥ ಲವಣವಾಗುವುದು. ಇದು ನೀರಿನಲ್ಲಿ ಸುಲಭವಾಗಿ ಕರಗಿ ಬಸಿಗಾಲುವೆಯ ಹಾದಿ ಹಿಡಿಯುವುದು. ಆ ಹಾದಿಯೇ ಇಲ್ಲದಿದ್ದರೆ ಎಷ್ಟು ಜಿಪ್ಸಮ್ ಸುರಿದರೂ ವ್ಯರ್ಥ.

ನಮ್ಮ ಎರೆಹೊಲದಲ್ಲಿ ಸುಣ್ಣದ ಹರಳು ಬೇಕಾದಷ್ಟಿದೆಯಲ್ಲ, ಅದರ ಕ್ಯಾಲ್ಸಿಯಮ್ಮೇಕೆ ಈ ಕೆಲಸ ಮಾಡದು ಎಂಬ ಪ್ರಶ್ನೆ ಸಹಜ. ಅದು ಕರಗದ ಲವಣ. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಹಣದಂತೆ. ಬೀಗದ ಕೈ ಆಮ್ಲದ ಬಳಿ ಇದೆ. ಡೈಂಚ, ಸೆಣಬುಗಳಂಥ ಹಸುರೆಲೆ ಗೊಬ್ಬರವೂ ತಿಪ್ಪೆಗೊಬ್ಬರವೂ ನೆಲದಲ್ಲಿ ಕೊಳೆಯುವಾಗ ಹೊರಡುವ ಇಂಗಾಲಾಮ್ಲವು ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುವುದು. ಗಂಧಕದ ಪುಡಿಯನ್ನು ಹಾಕಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಗಂಧಕಾಮ್ಲವಾಗಿಸುವುವು. ಆ ಆಮ್ಲವು ಹೊಲದ ಸುಣ್ಣದೊಡನೆ ಕೂಡಿ ಅಲ್ಲಿಯೇ ಜಿಪ್ಸಮ್ ಆಗುವುದು. ಅರಿಶಿನದ ಲೋಟದಲ್ಲಿ ನಾವು ನ��ಡಿದ ಆಮ್ಲ ಪ್ರತ್ಯಾಮ್ಲಗಳ ಕೂಟವೇ ಇಲ್ಲಿ ನೇಗಿಲ ಸಾಲಿನಲ್ಲಿ ನಡೆಯುವುದು.

ಹೊಲದ ಸ್ಥಿತಿಯನ್ನು ಅರಿಯಲು ಒಂದು ಸುಲಭವಾದ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಗಾಜಿನ ಲೋಟದಲ್ಲಿ ಮಳೆನೀರನ್ನು ತೆಗೆದುಕೊಂಡು, ಒಣಗಿದ ಮಣ್ಣಿನ ಸಣ್ಣ ಹೆಂಟೆಯನ್ನು ಮೆಲ್ಲನೆ ಅದರಲ್ಲಿ ಬಿಡಿರಿ. ಅಲುಗಿಸದೆ ಒಂದು ದಿನ ಇಡಿರಿ. ಹೆಂಟೆ ಕುಸಿದರೂ ನೀರು ತಿಳಿಯಾಗಿದ್ದರೆ ಚಿಂತೆ ಕಡಿಮೆ. ಹೆಂಟೆಯ ಸುತ್ತ ಹಾಲಿನಂಥ ಮಂಜು ಕವಿದು ನಿಂತರೆ ಅದು ಸೋಡಿಯಮ್ಮಿನ ಗುರುತು. ಆ ರಾಡಿ ನೀರಿಗೆ ಚಿಟಿಕೆ ಜಿಪ್ಸಮ್ ಪುಡಿಯನ್ನು ಹಾಕಿ ಕಲಕಿ ಬಿಟ್ಟರೆ ಕಣಗಳು ಗುಂಪುಗೂಡಿ ತಳಕ್ಕಿಳಿದು, ಕೆಲಹೊತ್ತಿನಲ್ಲಿ ನೀರು ತಿಳಿಯಾಗುವುದನ್ನು ಕಾಣಬಹುದು. ಆದರೆ ಉಪ್ಪು ಹೆಚ್ಚಿರುವ ಮಣ್ಣಿನಲ್ಲಿ ಕರಲು ಈ ಪರೀಕ್ಷೆಗೆ ಸಿಕ್ಕದೆ ಅಡಗಿರಬಹುದು. ಆದುದರಿಂದ ಎಕರೆಗೆ ಎಷ್ಟು ಜಿಪ್ಸಮ್ ಬೇಕೆಂಬುದನ್ನು ಮಣ್ಣು ಪರೀಕ್ಷಾಲಯದಿಂದಲೇ ತಿಳಿಯತಕ್ಕದ್ದು.

ಡೋಣಿಯ ನೀರು ಉಪ್ಪಾದುದೇಕೆಂಬ ಪ್ರಶ್ನೆಗೆ ಈಗ ಉತ್ತರ ದೊರೆಯಿತು. ಮಳೆಯ ಆಮ್ಲವೂ ಕಲ್ಲಿನ ಪ್ರತ್ಯಾಮ್ಲವೂ ಕೂಡಿದುವು. ಹುಟ್ಟಿದ ಲವಣವನ್ನು ತೊಳೆದೊಯ್ಯುವಷ್ಟು ಮಳೆ ಬರಲಿಲ್ಲ. ಲಕ್ಷಾಂತರ ವರ್ಷಗಳಲ್ಲಿ ನಿಸರ್ಗವು ಹೊಳೆಯಲ್ಲಿ ಮಾಡಿದುದನ್ನು ನಾವು ಅಜಾಗರೂಕತೆಯಿಂದ ಕೆಲವೇ ದಶಕಗಳಲ್ಲಿ ಹೊಲದಲ್ಲಿ ಮಾಡಬಲ್ಲೆವು. ನೀರನ್ನು ಹೊಲಕ್ಕೆ ತರುವ ಕಾಲುವೆಗೆ ನಾವು ಪೂಜೆ ಮಾಡುತ್ತೇವೆ. ನೀರನ್ನು ಹೊಲದಿಂದ ಹೊರಗೊಯ್ಯುವ ಬಸಿಗಾಲುವೆಗೂ ಅಷ್ಟೇ ಗೌರವ ಸಲ್ಲಬೇಕು. ಬೆಳೆಗೆ ಬೇಕಾದಷ್ಟೇ ನೀರು, ಬಸಿಯಲು ಹಾದಿ, ಮಣ್ಣಿನ ಪರೀಕ್ಷೆ, ವೇಳೆಗೆ ಸರಿಯಾಗಿ ಗೊಬ್ಬರ ಜಿಪ್ಸಮ್‌ಗಳು: ಇಷ್ಟಿದ್ದರೆ ಕೃಷ್ಣೆಯ ನೀರು ಬಂದ ನೆಲದಲ್ಲಿ ಡೋಣಿಯ ಉಪ್ಪು ತಲೆಯೆತ್ತದು, ಓಣಿಯಲ್ಲಿ ಜೋಳಕ್ಕೆ ಕೊರತೆಯಾಗದು.